ನಿಂತರೆ ಬಿಡುವ ಮೀನಖಂಡದ ನೋವಿಗೊಂದು ಬಹಿರಂಗ ಪತ್ರ

ಮೀನಖಂಡದ ನೋವೇ,

ನಿನ್ನನ್ನು ಓಡಿಸಲು ನಮ್ಮವರು ಎಣ್ಣೆ ತಿಕ್ಕುತ್ತಾರೆ, ಗುಳಿಗೆ ನುಂಗುತ್ತಾರೆ. ನಾನು ಬರೆಯುತ್ತಿರುವುದು ಮಾತ್ರ ನೀನು ಹೋಗಬೇಡ ಎಂದು. ಯಾರಾದರೂ ನಿನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರೆಗೆ ಇರು ಎಂದು.

ನಮ್ಮ ಕೊಲ್ಲಾಪುರ ಸೀಮೆಯಲ್ಲಿ ಗಡಹಿಂಗ್ಲಜದ ಸಂತೆಗೆ ಹೊರಟವನನ್ನು ಅರ್ಧ ದಾರಿಯಲ್ಲಿ ಹಿಡಿಯುತ್ತೀಯ. ಅವನು ನಿಂತು ಯಾರೊಡನೆಯೋ ಎರಡು ಮಾತಾಡುವಷ್ಟರಲ್ಲಿ ಬಿಟ್ಟುಬಿಡುತ್ತೀಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಾಜರ್. ಜ್ಯೋತಿಬಾ ಗುಡ್ಡದ ಮೆಟ್ಟಿಲಾದರೆ ಇನ್ನೂ ಬೇಗ. ‘ವಯಸ್ಸಾತು, ಕಾಲ ಹಿಡೀತಾವ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ನಡೆದರೆ ಬರುವುದು, ನಿಂತರೆ ಹೋಗುವುದು, ಇದೇ ನಿನ್ನ ಗುರುತು. ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ. ಕೂತಾಗ ಸಾಲುವ ರಕ್ತ ನಡೆಯುವಾಗ ಸ್ನಾಯುವಿಗೆ ಸಾಲದು.

ಇಚಲಕರಂಜಿಯಲ್ಲಿ ಪಾಳಿಯುದ್ದಕ್ಕೂ ವಿದ್ಯುತ್ ಮಗ್ಗದ ಮುಂದೆ ನಿಲ್ಲುವವರಿಗೆ ಕಾಡುವ ಉಬ್ಬಿದ ನೀಲಿ ನರಗಳ ನೋವು ಬೇರೆ. ಅದು ನಿಂತಷ್ಟೂ ಹೆಚ್ಚುತ್ತದೆ, ಕಾಲು ಮೇಲಿಟ್ಟರೆ ಇಳಿಯುತ್ತದೆ. ಬೆನ್ನುಹುರಿಯ ದಾರಿ ಕಿರಿದಾದವರಿಗೆ ಕೂತರೆ, ಮುಂದಕ್ಕೆ ಬಾಗಿದರೆ ಹಗುರ. ಬರೀ ನಿಂತರೆ ಸಾಲದು. ಈ ಮೂರನ್ನೂ ಒಂದೇ ಮುಲಾಮಿಗೆ ಒಪ್ಪಿಸುತ್ತೇವಲ್ಲ, ಅದೇ ನನ್ನ ಸಂಕಟ.

ತಂಬಾಕಿನ ಪೇಟೆ ನಿಪ್ಪಾಣಿ ಕೊಲ್ಲಾಪುರಕ್ಕೆ ದೂರವೇನಲ್ಲ. ನಿನ್ನನ್ನು ಕರೆತರುವುದರಲ್ಲಿ ಬೀಡಿ, ಸಿಗರೇಟಿನದೇ ಮೊದಲ ಕೈ, ಜೊತೆಗೆ ಸಕ್ಕರೆ ಕಾಯಿಲೆ. ಬೀಡಿ ಸೇದುವ ಹರೆಯದವರನ್ನೂ ಹಿಡಿದು ಬೆರಳು ಕಪ್ಪಾಗಿಸುವ ಇನ್ನೊಂದು ಕಾಯಿಲೆಯಿದೆ. ಅದನ್ನು ವೈದ್ಯ ಲಿಯೋ ಬರ್ಜರ್ 1908ರಲ್ಲಿ ವಿವರಿಸಿದರು. ತಂಬಾಕು ಪೂರ್ತಿ ಬಿಡದೆ ಅದು ನಿಲ್ಲುವುದಿಲ್ಲ.

ನನಗೆ ಹೆಚ್ಚು ಭಯ ನೀನು ಬಾರದಿರುವ ಮನೆಗಳದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೀನು ತಿಳಿಯುವುದೇ ಇಲ್ಲ. ಹೊಸ ಕೊಲ್ಲಾಪುರಿ ಚಪ್ಪಲಿ ಕಚ್ಚಿದ ಗಾಯ ವಾರಗಟ್ಟಲೆ ಮಾಯದಿದ್ದರೆ, ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ, ಕಾಲಿನ ಕೂದಲು ಉದುರಿ ಚರ್ಮ ಮಿರುಗತೊಡಗಿದರೆ, ಅದೇ ನಿನ್ನ ಪರವಾಗಿ ಬಂದ ಸುದ್ದಿ. ಅಂಥ ಪಾದಕ್ಕೆ ಬಿಸಿ ಇಟ್ಟಿಗೆಯ ಶಾಖ ಕೊಡಬಾರದು, ಸುಟ್ಟರೂ ಗೊತ್ತಾಗದು. ರಾತ್ರಿ ಬೆರಳು ಉರಿದು, ಕಾಲನ್ನು ಮಂಚದಿಂದ ಇಳಿಬಿಟ್ಟಾಗಲೇ ನೆಮ್ಮದಿ ಎನ್ನುವವರು ನಾಳೆಗೆ ಕಾಯಬಾರದು.

ವೈದ್ಯರು ಪಾದದ ನಾಡಿ ಮುಟ್ಟಿ ನೋಡಲಿ, ತೋಳಿನ ಜೊತೆ ಕಣಕಾಲಿನ ರಕ್ತದೊತ್ತಡವನ್ನೂ ಅಳೆಯಲಿ. ಕಣಕಾಲಿನದು ತೋಳಿನದರ 0.9 ಪಾಲು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಾಳ ಕಟ್ಟಿದೆಯೆಂದೇ ಅರ್ಥ. ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಈ ಲೆಕ್ಕ ಸರಿಯಿರುವಂತೆ ಕಾಣಬಹುದು. ಅವರಿಗೆ ಹೆಬ್ಬೆರಳಿನ ಒತ್ತಡವನ್ನೂ ನೋಡಬೇಕು. ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತದ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ಕಾಲು ಒಮ್ಮೆಲೇ ಬಿಳಿಚಿ, ತಣ್ಣಗಾಗಿ, ಮರಗಟ್ಟಿತೋ, ಎಣ್ಣೆ ಹುಡುಕಬೇಡಿ ಎಂದು ನಿನ್ನ ಮನೆಯವರಿಗೆ ಹೇಳು. ಆ ಕಾಲು ಉಳಿಯಲು ಇರುವ ಹೊತ್ತು ಕೆಲವೇ ಗಂಟೆ. ಸಿಕ್ಕ ಗಾಡಿ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಲಿ.