ಬಿ-ಒನ್ ಭಾವ

ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗರ ಗುಂಪಿಗೊಬ್ಬರಂತೆ ಭಾಷಾಪಂಡಿತರು ಇದ್ದೇ ಇರುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಪಾಲಿಗೆ ಬಂದವರು ಭಾವ. ಜರ್ಮನ್ ಭಾಷೆಯ ಬಿ-ಒನ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ ನೂರಕ್ಕೆ 60ರ ಗಡಿ ದಾಟಿದ ಮೇಲೆ ಅವರಿಗೆ ಸುಮ್ಮನೆ ಏನಾದರೂ ಅನ್ನಿಸುವುದೇ ನಿಂತುಹೋಗಿದೆ.

"ಇಂಗ್ಲಿಷಿನವರದು ಸೋಮಾರಿತನ ಕಣಯ್ಯಾ. ಎಲ್ಲಕ್ಕೂ ಒಂದೇ ಥಿಂಕ್! ಇಲ್ಲಿ ಹಾಗಲ್ಲ. ತಲೆ ಓಡಿಸಿದರೆ ಡೆಂಕೆನ್, ಬರೀ ಊಹೆಯಾದರೆ ಗ್ಲೌಬೆನ್, ಅಭಿಪ್ರಾಯವಾದರೆ ಮೈನೆನ್, ಅಳೆದು ಸುರಿದು ನೋಡಿದರೆ ಯೂಬರ್‌ಲೇಗೆನ್." ಜರ್ಮನರೇ ದಿನದ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಾರೆ ಅಂತ ಅವರೆದುರು ಹೇಳುವ ಧೈರ್ಯ ನಮಗಿಲ್ಲ.

ಅಕ್ಕ ಸೌಟಿನಲ್ಲಿ ಸಾರು ತಂದು ಅಂಗೈಗೆ ಬಿಟ್ಟು, "ರೀ, ಉಪ್ಪು ಸಾಕಾ?" ಅಂದಳು. ಭಾವ ಕಣ್ಣು ಮುಚ್ಚಿದರು.

"ರುಚಿಯ ಮಾತಾದರೆ ಫಿಂಡೆನ್. ಉಪ್ಪು ಹಾಕಿದೀಯೋ ಇಲ್ಲವೋ ಅನ್ನೋ ಅನುಮಾನವಾದರೆ ಗ್ಲೌಬೆನ್. ನಿನ್ನ ಪ್ರಶ್ನೆ ಯಾವುದು?"

"ನನ್ನ ಪ್ರಶ್ನೆ ಉಪ್ಪು."

ಉತ್ತರಕ್ಕೆ ಕಾಯದೆ ಅವಳೇ ಅರ್ಧ ಚಮಚ ಹಾಕಿಕೊಂಡಳು.

ಅವಳು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಭಾವ ದನಿ ತಗ್ಗಿಸಿದರು. "ಡೆಂಕೆನ್ ಜೊತೆ 'ಆನ್' ಸೇರಿಸಿದರೆ ಅತ್ತೆಯ ನೆನಪಾಯಿತು ಅಂತ. 'ಯೂಬರ್' ಸೇರಿಸಿದರೆ ಅತ್ತೆಯ ಬಗ್ಗೆ ನನ್ನ ಅಭಿಪ್ರಾಯ. ಎರಡನೇದನ್ನ ಮನೇಲಿ ಬಳಸಬಾರದು."

'ಅಂತ' ಎನ್ನುವ ಅರ್ಥದ 'ಡಾಸ್' ಬಂದರೆ ಕ್ರಿಯಾಪದ ನಮ್ಮ ಕನ್ನಡದ ಹಾಗೆ ವಾಕ್ಯದ ಕೊನೆಗೆ ಹೋಗುತ್ತದೆ ಎನ್ನುವಾಗಲಂತೂ ಆ ಏರ್ಪಾಡನ್ನು ತಾವೇ ಮಾಡಿಸಿಕೊಟ್ಟಷ್ಟು ಹೆಮ್ಮೆ.

ಸ್ಟುಟ್‌ಗಾರ್ಟ್‌ನಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ: ವಾರಕ್ಕೊಂದು ಮನೆಯವರು ಸರದಿಯ ಮೇಲೆ ಮೆಟ್ಟಿಲು ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಬೀಳುತ್ತದೆ. ಶನಿವಾರ ಬೆಳಿಗ್ಗೆ ಮನೆಯೊಡತಿ ಅಜ್ಜಿ ಬಂದು, ಈ ವಾರ ನಿಮ್ಮದಲ್ಲವೇ ಎಂದರು. ಹೌದು ಅನ್ನಿಸುತ್ತೆ ಅಂದರೆ ಮುಗಿಯುತ್ತಿತ್ತು. ಆದರೆ ಯಾವ ಅನ್ನಿಸುವಿಕೆ? ಫಲಕ ಕಣ್ಣೆದುರಿಗೇ ಇರುವಾಗ ಊಹೆ ಅನ್ನುವಂತಿಲ್ಲ. ಅಭಿಪ್ರಾಯಕ್ಕೆ ಇಲ್ಲಿ ಎಡೆಯೇ ಇಲ್ಲ. ಹಿಡಿಸಿತೇ ಅಂದರೆ, ಖಂಡಿತ ಹಿಡಿಸಿರಲಿಲ್ಲ. ಭಾವನ ತುಟಿ ಅಲುಗುತ್ತಲೇ ಇತ್ತು.

ಅಜ್ಜಿ ಫಲಕವನ್ನೊಮ್ಮೆ, ಭಾವನನ್ನೊಮ್ಮೆ ನೋಡಿ, "ಈ ಗ್ಲೌಬ್ ಶೋ" ಎಂದು, ಅಂದರೆ ಹೌದು ಅನ್ನಿಸುತ್ತೆ ಅಂತ, ಆ ಊರಿನ ಆಡುಮಾತಿನಲ್ಲಿ ತಾವೇ ಉತ್ತರ ಹೇಳಿ, ಪೊರಕೆಯನ್ನು ಅವರ ಕೈಗಿಟ್ಟು ಇಳಿದುಹೋದರು.

ಎರಡನೇ ಮಹಡಿಯ ಮೆಟ್ಟಿಲು ಗುಡಿಸುತ್ತಾ ಭಾವ ನನಗೆ ಹೇಳಿದರು: "ಕೇಳಿದೆಯಾ? 'ನಾನು' ಅನ್ನೋದಕ್ಕೆ ಇಷ್ ಅನ್ನೋಕೆ ಬರೋಲ್ಲ, ಈ ಅಂತಾರೆ. ಬಿ-ಒನ್ ಬರೆದರೆ ಈ ಅಜ್ಜಿ ಪಾಸಾಗೋದು ಕಷ್ಟ."