ಜೋಗದ ರಾಜರಿಗೊಂದು ಬಿನ್ನವತ್ತಳೆ

ಶ್ರೀಮನ್ಮಹಾರಾಜ, ಶರಾವತೀ ತೀರಾಧೀಶ್ವರ, 253 ಮೀಟರ್ ಎತ್ತರದಿಂದ ನಡುವೆ ಎಲ್ಲೂ ಬಂಡೆ ಮುಟ್ಟದೆ ಧುಮುಕುವ ಶ್ರೀ ರಾಜಾ ಜಲಪಾತ ಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ಮನೆಯಿಂದ ಪ್ರಜೆಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ರಾಣಿಯವರಿಗೂ, ಪಕ್ಕದಲ್ಲಿ ಸದಾ ಕೂಗಾಡುವ ರೋರರ್ ಅವರಿಗೂ, ಅವಸರದ ರಾಕೆಟ್ ಅವರಿಗೂ ನನ್ನ ನಮಸ್ಕಾರ ತಿಳಿಸಬೇಕು.

ತಮ್ಮ ಪ್ರಥಮ ದರ್ಶನ ಆದದ್ದು ಶಾಲೆಯ ಪ್ರವಾಸದಲ್ಲಿ, ಏಳನೇ ಕ್ಲಾಸಿನಲ್ಲಿ, ಜನವರಿ ಕೊನೆಗೆ. ತಿಪಟೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು, ಬೆಳಿಗ್ಗೆ ತಣ್ಣಗಿನ ಚಿತ್ರಾನ್ನ ತಿಂದು, ಕಟಕಟೆಗೆ ಎದೆಯೊತ್ತಿ ಸಾಲಾಗಿ ನಿಂತೆವು. ಎದುರಿಗೆ ಕರಿ ಬಂಡೆ. ಮೇಷ್ಟ್ರು ಭೂಪಟದಲ್ಲಿ ನದಿಗಳನ್ನು ತೋರಿಸುವ ಹಾಗೆ ಬೆತ್ತ ಚಾಚಿ, ‘ಇದು ರಾಜಾ, ಇದು ರೋರರ್, ಇದು ರಾಕೆಟ್, ಅದು ರಾಣಿ’ ಎಂದರು. ಬೆತ್ತದ ತುದಿ ಹೋದ ಕಡೆಯೆಲ್ಲ ಗೋಡೆಗೆ ಸೋರಿದ ಗುರುತಿನಂಥ ಒದ್ದೆ ಗೆರೆ. ನಮ್ಮಲ್ಲಿ ಒಬ್ಬ ಧೈರ್ಯ ಮಾಡಿ ‘ಸಾರ್, ನೀರೆಲ್ಲಿ?’ ಎಂದ. ಮೇಷ್ಟ್ರು ತಿರುಗಿಯೂ ನೋಡದೆ, ‘ನಿಮ್ಮನೆ ಬಲ್ಬಲ್ಲಿದೆ ಕಣೋ’ ಎಂದರು. ಅಷ್ಟು ಚಿಕ್ಕ ವಯಸ್ಸಿನಲ್ಲೇ ನಿರಾಕಾರ ಬ್ರಹ್ಮನ ದರ್ಶನ ಮಾಡಿಸಿದ ತಮಗೆ ನಾನು ಚಿರಋಣಿ.

ಆದರೂ ಪ್ರಭುಗಳ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ. ಕಡಿಮೆಯಾಗಲು ಯಾರಾದರೂ ಬಿಟ್ಟರೆ ತಾನೆ? ನಿಸಾರ್ ಅಹಮದರು ‘ನಿತ್ಯೋತ್ಸವ’ವನ್ನು ತಮ್ಮಿಂದಲೇ ಶುರುಮಾಡಿದರು. ಸಾಯುವ ಮೊದಲು ಜೋಗ ನೋಡಿಕೊಳ್ಳಿ ಎಂದು ‘ಜೀವನ ಚೈತ್ರ’ದಲ್ಲಿ ರಾಜ್‌ಕುಮಾರ್ ಇಡೀ ನಾಡಿಗೆ ಹಾಡಿ ಹೇಳಿದರು. ಅಣ್ಣಾವ್ರು ಹೇಳಿದ ಮೇಲೆ ಹೋಗದಿರಲಾದೀತೆ? ಯಾವ ತಿಂಗಳಲ್ಲಿ ಹೋಗಬೇಕು ಎಂಬುದನ್ನು ಮಾತ್ರ ಹಾಡಿನಲ್ಲಿ ಸೇರಿಸಿರಲಿಲ್ಲ. ಯಾರೋ ‘ಭಾನುವಾರ ನೀರು ಬಿಡ್ತಾರಂತೆ’ ಎಂದರು. ಆ ‘ಅಂತೆ’ಯನ್ನು ನಂಬಿ ಹೊಸ ಹೆಂಡತಿಯನ್ನು ಕರೆದುಕೊಂಡು ಮಾರ್ಚ್ ತಿಂಗಳ ಒಂದು ಭಾನುವಾರ ಬಂದೆ. ಆ ಭಾನುವಾರ ತಮಗೂ ರಜೆ ಇತ್ತು.

ತಮ್ಮ ರಜೆಯ ಹಿಂದಿನ ಕಥೆ ನನಗೆ ಗೊತ್ತಿಲ್ಲವೆಂದು ಸನ್ನಿಧಾನ ಭಾವಿಸಬಾರದು. ವಿಶ್ವೇಶ್ವರಯ್ಯನವರು ತಮ್ಮನ್ನು ನೋಡಿ, ಎಷ್ಟೊಂದು ಶಕ್ತಿ ದಂಡವಾಗುತ್ತಿದೆಯಲ್ಲ ಎಂದು ಮರುಗಿದರಂತೆ. ಅವರ ಮರುಕ ಫಲಿಸಿತು. 1940ರ ದಶಕದ ಕೊನೆಗೆ ತಮ್ಮ ಪಾದದ ಬಳಿಯೇ ಒಂದು ವಿದ್ಯುದಾಗಾರ, 1964ರಲ್ಲಿ ತಮ್ಮ ನೆತ್ತಿಯ ಮೇಲ್ಗಡೆ ಲಿಂಗನಮಕ್ಕಿ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಕಡಲಿಗೆ ಓಡುತ್ತಿದ್ದ ಹೊಳೆಯನ್ನು ಅಲ್ಲಿ ಕಟ್ಟಿಹಾಕಿ, ತಳಕಳಲೆಗೆ ತಿರುಗಿಸಿ, ದಪ್ಪ ಕೊಳವೆಗಳೊಳಗೆ ಇಳಿಸಿ, ಹತ್ತು ಟರ್ಬೈನುಗಳಿಂದ 1035 ಮೆಗಾವ್ಯಾಟ್ ತೆಗೆಯುತ್ತಾರೆ. ನೀರು ಈಗಲೂ ಬೀಳುತ್ತಿದೆ, ಮಹಾರಾಜರೇ. ತಮ್ಮ ಬದಲು ಪೈಪು ಬೀಳಿಸುತ್ತಿದೆ, ಅಷ್ಟೇ.

ಪೈಪು ಎಂದಾಗ ನೆನಪಾಯಿತು. ಚೀನಾದ ಹೆನಾನ್ ಪ್ರಾಂತದಲ್ಲಿ ತಮ್ಮ ಕುಲದವರೊಬ್ಬರಿದ್ದಾರೆ, ಯುನ್‌ಟೈ ಎಂದು ಹೆಸರು. 314 ಮೀಟರ್ ಎತ್ತರ, ದೊಡ್ಡ ಮನೆತನ. 2024ರ ಜೂನ್‌ನಲ್ಲಿ ಒಬ್ಬ ಚಾರಣಿಗ ಹತ್ತಿ ನೋಡಿದರೆ, ಮೇಲಿನಿಂದ ನೀರು ಬಿಡುತ್ತಿದ್ದದ್ದು ಒಂದು ಪೈಪು! ಬೇಸಿಗೆಯಲ್ಲಿ ಬಂದವರಿಗೆ ಬೇಸರವಾಗದಿರಲೆಂದು ಚೂರು ಸಹಾಯ ಮಾಡಿದ್ದೇವೆ ಎಂದು ಅಲ್ಲಿಯ ಆಡಳಿತ ಒಪ್ಪಿಕೊಂಡಿತು. ಜಗತ್ತೆಲ್ಲ ನಕ್ಕಿತು. ನಾನೂ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಅವರದು ಜಲಪಾತಕ್ಕೆ ನೀರು ತರುವ ಪೈಪು, ನಮ್ಮದು ಜಲಪಾತದ ನೀರು ಒಯ್ಯುವ ಪೈಪು. ಇದರಲ್ಲಿ ಯಾರು ಯಾರನ್ನು ನೋಡಿ ನಗಬೇಕೋ ಸನ್ನಿಧಾನವೇ ತೀರ್ಮಾನಿಸಬೇಕು.

ನಯಾಗರಾದವರ ವಿಷಯವನ್ನೂ ಅರಿಕೆ ಮಾಡುತ್ತೇನೆ. ಎತ್ತರದಲ್ಲಿ ಅವರು ತಮ್ಮ ಮೊಣಕಾಲಿಗೂ ಬರುವುದಿಲ್ಲ, ಬರೀ 51 ಮೀಟರ್. ಅವರ ನೀರಿನಿಂದಲೂ ಕರೆಂಟು ತೆಗೆಯುತ್ತಾರೆ. ಆದರೆ 1950ರಲ್ಲಿ ಅಮೆರಿಕ, ಕೆನಡಾ ಎರಡೂ ಕೂತು ಕರಾರು ಬರೆದುಕೊಂಡಿವೆ: ಪ್ರವಾಸಿಗಳು ಬರುವ ಕಾಲದಲ್ಲಿ ಹಗಲು ಹೊತ್ತು ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಬೀಳಲೇಬೇಕು, ರಾತ್ರಿಗೆ ಮತ್ತು ಚಳಿಗಾಲಕ್ಕೆ 50 ಸಾವಿರ ಸಾಕು. ಬಂದ ನೆಂಟರ ಮುಂದೆ ಮರ್ಯಾದೆಯಾಗಿ ನಿಂತುಕೊಂಡು, ಅವರು ಮಲಗಿದ ಮೇಲೆ ನಲ್ಲಿ ತಿರುಗಿಸಿಕೊಳ್ಳುವ ಗೃಹಸ್ಥರು. ಟೊರಾಂಟೊದಲ್ಲಿರುವ ನನ್ನ ಭಾವಮೈದ ಅಲ್ಲಿ ಹೋದಾಗಲೆಲ್ಲ ನೀಲಿ ರೈನ್‌ಕೋಟು ತೊಟ್ಟ ಫೋಟೊ ವಾಟ್ಸಾಪಿನಲ್ಲಿ ಕಳಿಸುತ್ತಾನೆ. ತಡೆಯಲಾರದೆ ನಾನೂ ಒಮ್ಮೆ ತಮ್ಮ ಏಪ್ರಿಲ್ ತಿಂಗಳ ಭಾವಚಿತ್ರ ಕಳಿಸಿದೆ. ‘ಯಾವ ಕ್ವಾರಿ ಭಾವ ಇದು?’ ಎಂದು ಬರೆದ.

ಮಳೆಗಾಲದಲ್ಲಿ ಬರಬೇಕಪ್ಪ ಎಂದು ತಿಳಿದವರು ಬೈದರು. ಬಂದೆ, ಜುಲೈನಲ್ಲಿ. ಮಂಜು ಮುಸುಕಿ ಕಟಕಟೆಯಿಂದಾಚೆ ಬಿಳಿ ಪರದೆ. ಹಿಂದಿನಿಂದ ತಮ್ಮ ಘರ್ಜನೆ ಮಾತ್ರ ಕೇಳಿಸುತ್ತಿತ್ತು. ಹಿಮ್ಮೇಳ ಶುರುವಾಗಿ ಗಂಟೆಗಟ್ಟಲೆಯಾದರೂ ವೇಷ ರಂಗಕ್ಕೆ ಬಾರದ ಆಟದ ಹಾಗೆ. ಎರಡು ಗಂಟೆ ಕೊಡೆ ಹಿಡಿದು ನಿಂತೆ. ಕಾಲಿಗೆ ಉಂಬಳ ಹತ್ತಿತು. ಹಸಿವಾಗಿ ಸುಟ್ಟ ಜೋಳ ತೆಗೆದುಕೊಂಡೆ. ಗಾಡಿಯಮ್ಮನ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ನೆಟ್‌ವರ್ಕ್ ಇಲ್ಲ, ಚಕ್ರ ಸುತ್ತುತ್ತಲೇ ಇದೆ. ಬೆನ್ನ ಹಿಂದೆ ಇನ್ನೂರು ಜನ ಒಟ್ಟಿಗೆ ‘ಹೋ’ ಎಂದರು. ತಿರುಗುವಷ್ಟರಲ್ಲಿ ಪರದೆ ಮತ್ತೆ ಬಿದ್ದಿತ್ತು. ‘ಈಗ ಕಾಣ್ತಲ್ಲ, ನೋಡಲಿಲ್ವಾ?’ ಎಂದು ಆಯಮ್ಮ ನಿಂಬೆಹಣ್ಣಿಗೆ ಉಪ್ಪುಖಾರ ಹಚ್ಚಿ ಜೋಳಕ್ಕೆ ತಿಕ್ಕುತ್ತ ಕೇಳಿದಳು. ಪೇಮೆಂಟು ಆಗ ಆಯಿತು.

ಅಂತೂ ಒಂದು ವರ್ಷ ಲಿಂಗನಮಕ್ಕಿ 1819 ಅಡಿಗೆ ಬಂದು ಗೇಟು ಎತ್ತಿದರು. ಮೂರು ಕಿಲೋಮೀಟರ್ ಹಿಂದೆಯೇ ಕಾರು ನಿಲ್ಲಿಸಿ ಓಡಿ ಬಂದೆ. ನಾಲ್ಕೂ ಒಂದಾಗಿ, ಕೆಮ್ಮಣ್ಣಿನ ಬಣ್ಣದ ಒಂದೇ ಗೋಡೆ ಕುಸಿಯುತ್ತಿತ್ತು. ಮೈಯೆಲ್ಲ ನಡುಗಿತು, ಸುಳ್ಳು ಹೇಳುವುದಿಲ್ಲ. ಆದರೆ ಪ್ರಭುಗಳೇ, ಆ ಗುಂಪಿನಲ್ಲಿ ತಾವು ಯಾರು, ರಾಣಿಯವರು ಯಾರು ಎಂದು ಗೊತ್ತಾಗದೆ ಒಟ್ಟಾರೆ ಒಂದು ಕೈಮುಗಿದು ಬಂದೆ. ಹಳೆಯ ಯುರೋಪಿಯನ್ನರು ರಾಣಿಯವರನ್ನು ಫ್ರೆಂಚಿನಲ್ಲಿ ‘ಬಿಳಿಯ ದೊರೆಸಾನಿ’ ಎಂದು ಕರೆದಿದ್ದರಂತೆ. ಆ ದಿನ ದೊರೆಸಾನಿಯವರ ಸೀರೆ ಚಹಾದಲ್ಲಿ ಅದ್ದಿದ ಹಾಗಿತ್ತು.

ನನ್ನ ಅಜ್ಜಿಯ ತವರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. ತಾವು ಮೈದುಂಬಿ ನಿಂತ ವರ್ಷ ಅವಳ ಊರು ಎಲ್ಲಕ್ಕಿಂತ ಆಳದಲ್ಲಿರುತ್ತದೆ. ತಾವು ಬತ್ತಿ ಬಂಡೆಯಾದ ವರ್ಷ ಅಲ್ಲಿ ಬಾವಿಯ ದಂಡೆ ಮೇಲೆದ್ದು ಕಾಣುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಪೇಪರು ಬಂದ ಕೂಡಲೇ ಅವಳು ಅಣೆಕಟ್ಟಿನ ಮಟ್ಟ ಓದಿಸುತ್ತಿದ್ದಳು, ಇಳಿದಷ್ಟೂ ಅವಳ ಮುಖ ಅರಳುತ್ತಿತ್ತು. ಕರೆಂಟಿಗಾಗಿ ಎದ್ದುಹೋದ ಆ ಮಂದಿ ಹೊಸ ಜಾಗದಲ್ಲಿ ಬಹಳ ವರ್ಷ ಚಿಮಣಿ ದೀಪದಲ್ಲೇ ಇದ್ದರು. ಈ ಬಾಬತ್ತಿನಲ್ಲಿ ತಮ್ಮ ಮೇಲೆ ದೂರಿಲ್ಲ. ತಮ್ಮನ್ನು ಕೇಳಿ ಯಾರೂ ಏನೂ ಮಾಡಲಿಲ್ಲ.

ಇನ್ನು ಮುಂದೆಯೂ ಕೇಳುವಂತೆ ಕಾಣುವುದಿಲ್ಲ. ಬೆಂಗಳೂರಿನ ನಮ್ಮಂಥವರಿಗೆ ಕುಡಿಯಲು ಶರಾವತಿಯನ್ನೇ ತರೋಣ ಎಂಬ ಮಾತು ಆಗಾಗ ಏಳುತ್ತದೆ. ಗೇರುಸೊಪ್ಪೆಗೆ ಇಳಿದ ನೀರನ್ನು ಪಂಪು ಮಾಡಿ ತಳಕಳಲೆಗೆ ಏರಿಸಿ, ಮತ್ತೆ ಇಳಿಸಿ 2000 ಮೆಗಾವ್ಯಾಟ್ ತೆಗೆಯುವ ಯೋಜನೆಯೂ ಇದೆ. ಸಿಂಗಳೀಕಗಳ ಕಾಡಿನ ನಡುವೆ ನೀರು ಮೇಲಕ್ಕೆ ಬೀಳುವ ಜಲಪಾತ! ವಂಶಕ್ಕೆ ಹೊಸ ಕೀರ್ತಿ ಬರುವ ಕಾಲದಲ್ಲಿ ತಾವು ಬೇಸರಿಸಬಾರದು. ಬ್ರೆಜಿಲ್–ಪರಾಗ್ವೆ ಗಡಿಯ ಗ್ವಾಯಿರಾ ಜಲಪಾತವನ್ನು ನೆನೆಯಿರಿ. ನೀರಿನ ಮೊತ್ತದಲ್ಲಿ ಜಗತ್ತಿನ ದೈತ್ಯರಲ್ಲಿ ಒಬ್ಬರಾಗಿದ್ದ ಅವರನ್ನು 1982ರಲ್ಲಿ ಇತೈಪು ಅಣೆಕಟ್ಟಿನ ಜಲಾಶಯ ಪೂರ್ತಿ ನುಂಗಿತು. ತಮ್ಮ ತಲೆ ಇನ್ನೂ ನೀರಿನ ಮೇಲಿದೆ. ಹೌದು, ತುಸು ಹೆಚ್ಚೇ ಮೇಲಿದೆ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಟೊರಾಂಟೊದ ಭಾವಮೈದ ಮಗನ ಮುಂಜಿಗೆ ಏಪ್ರಿಲ್‌ನಲ್ಲಿ ಬರುತ್ತಿದ್ದಾನೆ. ಜೋಗಕ್ಕೆ ಕರೆದುಕೊಂಡು ಹೋಗಲೇಬೇಕಂತೆ. 1 ಲಕ್ಷ ಕ್ಯೂಸೆಕ್ ಕೇಳುವಷ್ಟು ಅವಿವೇಕಿ ನಾನಲ್ಲ. ರಾಣಿಯವರ ಕಡೆಯಿಂದ ಜನಿವಾರದೆಳೆಯಷ್ಟು ನೀರು, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ. ಅದೂ ಆಗದಿದ್ದರೆ ಬಂಡೆಯನ್ನಾದರೂ ಒದ್ದೆ ಮಾಡಿಸಿಟ್ಟಿರಬೇಕು.

ಉತ್ತರ ಬರೆಯುವ ಶ್ರಮ ಬೇಡ. ತಮ್ಮ ಕಡೆಯಿಂದ ತಿಂಗಳಿಗೊಂದು ಕಾಗದ ತಪ್ಪದೆ ಬರುತ್ತಿದೆ. ಮೀಟರ್ ರೀಡರ್ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾನೆ.

ಇಂತಿ ತಮ್ಮ ವಿಧೇಯ,
ಮೂರು ಬಾರಿ ಬಂದು ನೋಡದವನು, ಒಮ್ಮೆ ನೋಡಿ ಗುರುತಿಸದವನು