ಅಲ್ ಬರ್ಷಾ ಗುಪ್ತಧಾರಣ ಮೀಮಾಂಸೆ

ಮನುಷ್ಯ ಮೈಮೇಲೆ ಏನೇನು ತೊಟ್ಟು ಮೆರೆಯುತ್ತಾನೆ ಎಂಬುದರ ಬಗ್ಗೆ ನಮ್ಮ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಕಿರೀಟ, ಕುಂಡಲ, ಒಡ್ಯಾಣ, ಪೇಟದ ತುರಾಯಿ ಯಾವುದನ್ನೂ ಬಿಟ್ಟಿಲ್ಲ. ಅದೇ ಮನುಷ್ಯ ಏನೇನು ಬಚ್ಚಿಟ್ಟುಕೊಂಡು ತಿರುಗುತ್ತಾನೆ ಎಂದು ಕೇಳಿದರೆ ಮಾತ್ರ ಗ್ರಂಥಭಂಡಾರಗಳು ಬಾಯಿ ಬಿಡುವುದಿಲ್ಲ. ಈ ಲೋಪವನ್ನು ತುಂಬುವ ಸಲುವಾಗಿ ದುಬೈಯ ಅಲ್ ಬರ್ಷಾ ಎಂಬ ಬಡಾವಣೆಯನ್ನು ಕ್ಷೇತ್ರವಾಗಿಯೂ, ಅಲ್ಲಿ ಬಾಡಿಗೆಗಿರುವ ಕನ್ನಡಿಗರನ್ನು ಆಕರವಾಗಿಯೂ ಇಟ್ಟುಕೊಂಡು ಪ್ರಸ್ತುತ ಪ್ರಬಂಧವನ್ನು ಮಂಡಿಸಲಾಗಿದೆ. ಆಕರಗಳ ಅನುಮತಿ ಕೇಳಿಲ್ಲ. ಕೇಳಿದ್ದರೆ ಅವರು ಬಚ್ಚಿಡುತ್ತಿದ್ದರು.

ಮೊದಲು ಪೂರ್ವಪಕ್ಷ. ಈ ಶಾಸ್ತ್ರದ ದೊಡ್ಡ ಪೀಠ ಇರುವುದು ಅಮೆರಿಕದಲ್ಲಿ. ಅಂಗಿಯೊಳಗೆ ಪಿಸ್ತೂಲು ಸಿಕ್ಕಿಸಿಕೊಂಡು ಹಾಲು ತರಲು ಹೋಗಿಬರುವುದು ಅಲ್ಲಿ ಬಹಳ ಜನರ ನಿತ್ಯವಿಧಿ. ಪಿಸ್ತೂಲೇನೋ ಒಂದೇ, ಅದರ ಪರಿವಾರ ದೊಡ್ಡದು. ಪ್ಯಾಂಟಿನ ಸೊಂಟಕ್ಕೆ ಒಳಬದಿಯಿಂದ ಸಿಕ್ಕಿಸುವ ಒರೆ, ಭಾರಕ್ಕೆ ಜೋತುಬೀಳದ ದಪ್ಪ ಬೆಲ್ಟು, ಹೊಟ್ಟೆಗೆ ಸುತ್ತುವ ಪಟ್ಟಿ, ಕಾಲಿನ ಹರಡಿಗೆ ಕಟ್ಟುವ ಚೀಲ, ಗುಟ್ಟಿನ ಖಾನೆಯ ವ್ಯಾನಿಟಿ ಬ್ಯಾಗು, ಜೊತೆಗೊಂದು ಪುಟ್ಟ ಟಾರ್ಚು. ಇದಕ್ಕೆಲ್ಲ ವರ್ಮಾಂಟ್ ರಾಜ್ಯ ಇಂದಿನವರೆಗೂ ಪರವಾನಗಿ ಕೇಳಿಲ್ಲ. ಕೆಂಟಕಿಯಾದರೋ 1813ರಷ್ಟು ಹಿಂದೆಯೇ ಬಚ್ಚಿಟ್ಟ ಆಯುಧವನ್ನು ನಿಷೇಧಿಸಿತ್ತು. ಮರ್ಯಾದಸ್ಥನಾದವನು ಎದುರಿಗೇ ಕಟ್ಟಿಕೊಳ್ಳುತ್ತಾನೆ, ಬಚ್ಚಿಡುವವನು ಕೊಲೆಗಡುಕ ಎಂಬುದು ಆ ಕಾಲದ ತಿಳಿವಳಿಕೆ. ತಿಳಿವಳಿಕೆ ತೀರಾ ಸುಳ್ಳೇನಲ್ಲ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಅಂಗೈಯಲ್ಲಿ ಮುಚ್ಚಿಹೋಗುವಂಥ ಪಿಸ್ತೂಲು ಮಾಡಿ ಹೆಸರಾದವನು. 1865ರ ಏಪ್ರಿಲ್ 14ರ ರಾತ್ರಿ ನಾಟಕ ನೋಡುತ್ತಿದ್ದ ಲಿಂಕನ್ನರ ತಲೆಯ ಹಿಂದೆ ಸಿಡಿದದ್ದು ಅವನು ಮಾಡಿದ್ದೇ.

ಈ ಪೀಠದ ಆಚಾರ್ಯರು ಹೆದರುವುದು ಪೊಲೀಸರಿಗಲ್ಲ, ಒಂದು ದೋಷಕ್ಕೆ. ಒಳಗಿನ ಪಿಸ್ತೂಲಿನ ಆಕಾರ ಹೊರಗಿನ ಬಟ್ಟೆಯ ಮೇಲೆ ಉಬ್ಬಿ ಕಾಣುವುದೇ ಆ ದೋಷ. ನಾವಿದನ್ನು ರೂಪದೋಷ ಎನ್ನೋಣ. ಓದುಗರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಬಿದ್ದುಹೋಗುವುದಿದೆ.

ಇನ್ನು ಸ್ವದೇಶಿ ಪರಂಪರೆ. ನಮ್ಮಲ್ಲಿ ಆಯುಧಕ್ಕೂ ಬಚ್ಚಿಡುವುದಕ್ಕೂ ಅಷ್ಟಾಗಿ ಕೂಡಿಬಂದಿಲ್ಲ. ಕೊಡವರನ್ನೇ ನೋಡಿ. ಕುಪ್ಯವೆಂಬ ನಿಲುವಂಗಿಯ ಮೇಲೆ ಕೆಂಪು ರೇಷ್ಮೆಯ ನಡುಪಟ್ಟಿ ಚೇಲೆ, ಚೇಲೆಗೆ ಮುಂದಿನಿಂದ ಸಿಕ್ಕಿಸಿದ ಬೆಳ್ಳಿ ಕೆಲಸದ ಪೀಚೆಕತ್ತಿ. ಹಿಂದೆ ಬೆನ್ನ ಕೆಳಗೆ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆ, ಅದರಲ್ಲಿ ಬಾಗಿದ ಒಡಿಕತ್ತಿ. ಮುಂದಿನಿಂದ ಬಂದವನಿಗೂ ಕಾಣುತ್ತದೆ, ಹಿಂದಿನಿಂದ ಬಂದವನಿಗೂ ಕಾಣುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ; ಹೂ ಮುಡಿದ ಕೋವಿಯನ್ನು ಯಾರು ತಾನೇ ಬಚ್ಚಿಟ್ಟಾರು? ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ರಾಜ್ಯದ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅರಬರೂ ಈ ವಿಷಯದಲ್ಲಿ ಕೊಡವರ ಪೈಕಿಯೇ. ಅವರ ಖಂಜರ್ ಹೊಟ್ಟೆಯ ನಟ್ಟನಡುವೆ, ಬಂದವರನ್ನು ಮೊದಲು ತಾನೇ ಮಾತನಾಡಿಸುವಂತೆ ಕುಳಿತಿರುತ್ತದೆ.

ಬಚ್ಚಿಟ್ಟ ಆಯುಧದ ದೃಷ್ಟಾಂತ ನಮ್ಮ ನೆಲಕ್ಕೆ ಸಂಬಂಧಿಸಿ ಬೇಕೇ ಬೇಕೆಂದರೆ ವಿಜಯಪುರದ ಆದಿಲಶಾಹಿ ಸೇನಾಪತಿ ಅಫ್ಜಲಖಾನನ ಪ್ರಸಂಗವಿದೆ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನೂ ಶಿವಾಜಿಯೂ ಅಪ್ಪಿಕೊಂಡರು. ಒಬ್ಬರ ಬಳಿ ವ್ಯಾಘ್ರನಖ, ಇನ್ನೊಬ್ಬರ ಬಳಿ ಕಠಾರಿ ಎಂದು ಮರಾಠಿಯ ಚರಿತ್ರೆಕಥನಗಳಾದ ಬಖರುಗಳು ಹೇಳುತ್ತವೆ. ಅಪ್ಪುಗೆಯ ಫಲಿತಾಂಶ ಎಲ್ಲರಿಗೂ ಗೊತ್ತಿದೆ. ಮೂರೂವರೆ ಶತಮಾನದ ಮೇಲಾದರೂ ಅದರ ಗಲಾಟೆ ಮುಗಿದಿಲ್ಲವಾದ್ದರಿಂದ ಪ್ರಬಂಧಕಾರ ಇಲ್ಲಿಂದ ಬೇಗ ಕಾಲು ಕೀಳುತ್ತಾನೆ.

ಕನ್ನಡದ ನಿಜವಾದ ಧಾರಣಶಾಸ್ತ್ರ ಆಯುಧದ್ದಲ್ಲ, ಚೀಲದ್ದು. ಇದಕ್ಕೆ ಸಾಕ್ಷಾತ್ ಕವಯಿತ್ರಿಯೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು, ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಇಂದಿಗೂ ಸಂಚಿಯ ಹೊನ್ನಮ್ಮಳೇ. ಕೈಯಲ್ಲಿ ಹಿಡಿದ ಚೀಲದಿಂದಲೇ ಹೆಸರಾದ ಕವಿಗಳು ಲೋಕದಲ್ಲಿ ವಿರಳ. ಆದರೆ ಹೊನ್ನಮ್ಮ ಈಗ ದುಬೈಗೆ ಬಂದಿಳಿದರೆ ಕಾವ್ಯ ಮಾತ್ರ ಒಳಗೆ ಬಂದೀತು. ವೀಳ್ಯದೆಲೆ ಇಲ್ಲಿನ ಕಸ್ಟಮ್ಸಿನ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿದೆ, ಸಂಚಿ ಅಲ್ಲೇ ಖಾಲಿ.

ಈಗ ಸಿದ್ಧಾಂತಪಕ್ಷ, ಅಂದರೆ ಅಲ್ ಬರ್ಷಾ. ಪರವಾನಗಿಯಿಲ್ಲದ ಬಂದೂಕನ್ನು ಇಲ್ಲಿನ ಕಾನೂನು ಕನಸಿನಲ್ಲೂ ಒಪ್ಪುವುದಿಲ್ಲ. ಆದ್ದರಿಂದ ಪಿಸ್ತೂಲು ಎಂಬ ಮುಖ್ಯಾಂಗ ಲೋಪವಾಗಿ ಬರೀ ಉಪಾಂಗಗಳೇ ಉಳಿಯುತ್ತವೆ. ಶಾಸ್ತ್ರ ಪರಿಶುದ್ಧವಾಗುವುದು ಹೀಗೆಯೇ.

ಇಲ್ಲಿನ ಕನ್ನಡಿಗನ ಮೊದಲ ಶತ್ರು ಚಳಿ. ನಗಬಾರದು. ಆಗಸ್ಟಿನಲ್ಲಿ ಹೊರಗೆ 45 ಡಿಗ್ರಿ ಬಿಸಿಲು. ಮೆಟ್ರೊದೊಳಗೆ, ಆಫೀಸಿನೊಳಗೆ, ಲಿಫ್ಟಿನೊಳಗೆ ಕೊರೆಯುವ ಏಸಿ. 2005ರಲ್ಲಿ ಬಾಗಿಲು ತೆರೆದ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹಿಮದ ಮೇಲೆ ಜಾರುವ ಏರ್ಪಾಟೇ ಇದೆ. ಆದ್ದರಿಂದ ಮರುಭೂಮಿಯ ನಡುವೆ ಹಾಸನದ ಹೆಂಗಸಿನ ಹ್ಯಾಂಡ್‌ಬ್ಯಾಗಿನಲ್ಲಿ ಮಡಿಸಿಟ್ಟ ಒಂದು ಸ್ವೆಟರು ಸದಾ ಗುಪ್ತವಾಗಿ ಇರುತ್ತದೆ. ಗಂಡಸರು ತಮಗೆ ಚಳಿಯಾಗುವುದಿಲ್ಲ ಎನ್ನುತ್ತಾರೆ, ಸಿನಿಮಾದ ಮಧ್ಯಂತರದ ಹೊತ್ತಿಗೆ ಅದೇ ಸ್ವೆಟರಿನ ಒಂದು ತೋಳಿನೊಳಗೆ ಕೈ ತೂರಿಸಿರುತ್ತಾರೆ.

ಎರಡನೆಯ ಗುಪ್ತವಸ್ತು ಎಮಿರೇಟ್ಸ್ ಐಡಿ ಎಂಬ ಗುರುತಿನ ಚೀಟಿ. 784ರಿಂದ ಶುರುವಾಗಿ, ಹುಟ್ಟಿದ ಇಸವಿಯನ್ನು ಮುಚ್ಚುಮರೆಯಿಲ್ಲದೆ ಹೇಳಿ, ಒಟ್ಟು 15 ಅಂಕಿಗೆ ಮುಗಿಯುವ ಈ ಕಾರ್ಡು ನಿವಾಸಿಯ ಬಳಿ ಇರಲೇಬೇಕು. ಅದರ ಸ್ಥಾನ ಫೋನಿನ ಬೆನ್ನಿಗೂ ಅದರ ರಬ್ಬರು ಕವಚಕ್ಕೂ ನಡುವೆ. ಕವಚ ಬಿಚ್ಚಿದರೆ ಕಾರ್ಡಿನ ಕೆಳಗೆ ಕಟೀಲಿನ ಅಮ್ಮನವರ ಪುಟ್ಟ ಪಟ, ಅದರ ಕೆಳಗೆ ನಾಲ್ಕು ಮಡಿಕೆಯ ಹತ್ತು ರೂಪಾಯಿ ನೋಟು, ನೋಟಿನ ಮಡಿಕೆಯಲ್ಲಿ ಒಣಗಿದ ಗಂಧಪ್ರಸಾದದ ಚೂರು. ರಾಜ್ಯ, ದೈವ, ಅರ್ಥ ಎಂಬ ಮೂರು ಪುರುಷಾರ್ಥಗಳು ಮೂರು ಮಿಲಿಮೀಟರಿನೊಳಗೆ ಅಡಗಿದ ಇಂಥ ಒರೆಯನ್ನು ಅಮೆರಿಕದವರು ಇನ್ನೂ ಕಂಡುಹಿಡಿದಿಲ್ಲ.

ಉಪಾಂಗಗಳ ಸಾಮ್ರಾಜ್ಞಿ ಮಾತ್ರ ಪಿನ್ನು. ಗಾಜಿನ ಬಳೆಗಳ ಸಂದಿಯಲ್ಲೋ ಕರಿಮಣಿ ಸರದ ಮರೆಯಲ್ಲೋ ನಮ್ಮ ಅಕ್ಕಂದಿರು ಒಂದಕ್ಕೊಂದು ಪೋಣಿಸಿ ತೂಗಿಬಿಟ್ಟ ಸೇಫ್ಟಿ ಪಿನ್ನುಗಳ ಗೊಂಚಲು ಇರುತ್ತದೆ. ಸೆರಗಿಗೆ ಅದು, ಕಿತ್ತ ಚಪ್ಪಲಿಗೆ ಅದು, ಪಾರ್ಕಿನಲ್ಲಿ ಮಗುವಿನ ಕಾಲಿಗೆ ಚುಚ್ಚಿದ ಮುಳ್ಳಿಗೆ ಅದು. ಅಲ್ ಬರ್ಷಾಕ್ಕೆ ಬಂದ ಮೇಲೆ ಫೋನಿನ ಸಿಮ್ಮು ಹೊರತೆಗೆಯುವುದಕ್ಕೂ ಅದೇ. ಊರಿನಿಂದ ಬಂದವರ ಫೋನು ಮುಂದಿಟ್ಟರೆ ಅಕ್ಕ ಬಳೆ ಝಲ್ಲೆನ್ನಿಸಿ ಒಂದು ಪಿನ್ನು ಬಿಡಿಸಿ, ಒತ್ತಿ, ಮತ್ತೆ ಬಳೆಗೇ ಸೇರಿಸುತ್ತಾಳೆ. ಸೊಂಟದಿಂದ ಪಿಸ್ತೂಲು ಎಳೆಯುವ ವೇಗದ ಬಗ್ಗೆ ಅಮೆರಿಕದವರು ತರಬೇತಿ ಶಿಬಿರ ನಡೆಸುತ್ತಾರಂತೆ. ಒಮ್ಮೆ ಈ ಅಕ್ಕನನ್ನು ಕರೆಸಿ ನೋಡಲಿ.

ಇಷ್ಟಾದ ಮೇಲೆ ಶಾಸ್ತ್ರದ ಹೃದಯಭಾಗ, ಬುತ್ತಿ. ಇಲ್ಲಿ ಅಮೆರಿಕದ ರೂಪದೋಷ ಕುಸಿದುಬೀಳುತ್ತದೆ. ವಿಜಯಪುರದವರಿಗೆ ಅದು ಸ್ವಲ್ಪ ಅನ್ವಯಿಸುತ್ತದೆ ಎಂಬುದು ನಿಜ; ಕಡಕ್ ರೊಟ್ಟಿಯ ವಿಸ್ತಾರಕ್ಕೆ ತಕ್ಕ ಲ್ಯಾಪ್‌ಟಾಪ್ ಚೀಲ ಇನ್ನೂ ಬಂದಿಲ್ಲ, ಮುರಿದು ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ. ಕರಾವಳಿಯವನಿಗೆ ಆಕಾರದ ಚಿಂತೆಯೇ ಇಲ್ಲ. ಅವನನ್ನು ಹಿಡಿದುಕೊಡುವುದು ವಾಸನೆ. ಒಣಸಿಗಡಿಯ ಎಟ್ಟಿ ಚಟ್ನಿಯನ್ನು ಬಾಟಲಿಗೆ ತುಂಬಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು, ರಬ್ಬರ್ ಬ್ಯಾಂಡು ಬಿಗಿದು, ಮಂಗಳೂರಿನ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ತೊಡಿಸಿದರೂ ಲಿಫ್ಟು ಮೂರನೇ ಮಹಡಿ ದಾಟುವಷ್ಟರಲ್ಲಿ ಎಲ್ಲರೂ ಸೂರನ್ನು ನೋಡತೊಡಗಿರುತ್ತಾರೆ. ಇಂಗಿನದೂ ಇದೇ ಕಥೆ. ಹೀಗಾಗಿ ಅಲ್ ಬರ್ಷಾ ಪಂಥವು ರೂಪದೋಷವನ್ನು ತಳ್ಳಿಹಾಕಿ ಗಂಧದೋಷವನ್ನು ಸ್ಥಾಪಿಸುತ್ತದೆ. ಸ್ಟೀಲು ಡಬ್ಬಿಯೊಳಗೆ ಚಮಚ ಕುಣಿಯುವುದು ಶಬ್ದದೋಷ. ಅದಕ್ಕೆ ಪರಿಹಾರ ಕಾಗದದ ಕರವಸ್ತ್ರ, ಹೆಚ್ಚು ಚರ್ಚೆ ಬೇಡ. ಆದರೆ ಇತ್ತೀಚೆಗೆ ಮುಖ್ಯ ಉಪಾಂಗಕ್ಕೇ ಕುತ್ತು ಬಂದಿದೆ. ದುಬೈಯಲ್ಲಿ ಒಮ್ಮೆ ಬಳಸಿ ಎಸೆಯುವ ಚೀಲಕ್ಕೆ 2022ರ ಜುಲೈಯಿಂದ 25 ಫಿಲ್ಸ್ ಬೆಲೆಯಾಯಿತು, 2024ರ ಜೂನ್ 1ರಿಂದ ಚೀಲವೇ ನಿಷೇಧವಾಯಿತು. ಊರಿನ ಬಟ್ಟೆಯಂಗಡಿಯ ಹಳೆ ಕವರುಗಳು ಈಗ ಅಡುಗೆಮನೆಯ ಕಪಾಟಿನಲ್ಲಿ ಇಸ್ತ್ರಿ ಮಾಡಿದಂತೆ ಮಡಿಸಿಟ್ಟ ಆಸ್ತಿ.

ಮೆಟ್ರೊದಲ್ಲಿ ಬುತ್ತಿ ಒಯ್ಯಬಹುದು, ಬಿಚ್ಚಬಾರದು. ತಿಂದರೆ, ಕುಡಿದರೆ 100 ದಿರ್ಹಂ ದಂಡ, ಚೂಯಿಂಗ್ ಗಮ್ಮೂ ಆಗದು. ಬಚ್ಚಿಟ್ಟುಕೊಂಡ ಚಕ್ಕುಲಿಯನ್ನು ಬಾಯಲ್ಲಿ ಸದ್ದಿಲ್ಲದೆ ನೆನೆಸಿ ಕರಗಿಸುವ ಸಾಧಕರು ಇದ್ದಾರೆಂದು ಕೇಳಿದ್ದೇನೆ. ಅದು ಯೋಗಶಾಸ್ತ್ರದ ವಿಷಯ.

ಒಂದು ಅಪಪಾಠವನ್ನು ಖಂಡಿಸದೆ ಮುಂದೆ ಹೋಗುವಂತಿಲ್ಲ. ದುಬೈಯಿಂದ ಊರಿಗೆ ಹೋಗುವಾಗ ಮೈಗೆ ಬಂಗಾರ ಕಟ್ಟಿಕೊಳ್ಳುವ ಪಂಥವಿದು. ಪೇಸ್ಟು ಮಾಡಿ ಒಳಉಡುಪಿಗೆ ಮೆತ್ತುವವರು, ಬೆಲ್ಟಿನ ಬಿಲ್ಲೆಗೆ ಎರಕ ಹೊಯ್ಯುವವರು ಎಲ್ಲರೂ ಇದರ ಅನುಯಾಯಿಗಳೇ. 2025ರ ಮಾರ್ಚ್ 3ರಂದು ದುಬೈಯಿಂದ ಬೆಂಗಳೂರಿಗೆ ಬಂದಿಳಿದ ಚಿತ್ರನಟಿಯೊಬ್ಬರ ಮೈಮೇಲೆ 14.2 ಕಿಲೋ ಚಿನ್ನ ಸಿಕ್ಕಿತೆಂದು ಕಂದಾಯ ಗುಪ್ತಚರ ಇಲಾಖೆ ಡಿಆರ್‌ಐ ಪ್ರಕಟಿಸಿತು. ತಪ್ಪು ಒಪ್ಪು ಕೋರ್ಟು ನೋಡಿಕೊಳ್ಳುತ್ತದೆ. ಶಾಸ್ತ್ರಕ್ಕೆ ಬೇಕಾದದ್ದು ತೂಕ. ಮನೆಯ ಗ್ಯಾಸ್ ಸಿಲಿಂಡರಿನೊಳಗೆ ತುಂಬುವ ಅನಿಲದ ತೂಕವೂ ಕರಾರುವಾಕ್ಕಾಗಿ 14.2 ಕಿಲೋ. ಕೈಚೀಲಕ್ಕೆ ವಿಮಾನದವರು ಸಾಮಾನ್ಯವಾಗಿ ಬಿಡುವುದು 7 ಕಿಲೋ. ಅರ್ಧ ಕಿಲೋ ಹೆಚ್ಚಾದರೆ ನಮ್ಮಿಂದ ಹಲಸಿನ ಹಪ್ಪಳದ ಕಟ್ಟು ತೆಗೆಸುತ್ತಾರೆ. ಮೈಯನ್ನು ತಕ್ಕಡಿಗೆ ಹಾಕುವ ಪದ್ಧತಿ ಇಲ್ಲದಿರುವುದೇ ಈ ಪಂಥದ ಮೂಲಸೂತ್ರ. ಅದು ಗುಪ್ತಧಾರಣವಲ್ಲ, ಹಮಾಲಿ.

ಕೊನೆಗೆ ಗಸಗಸೆ. ಈ ಪ್ರಬಂಧದಲ್ಲಿ ಅಣಕಕ್ಕೆ ಒಗ್ಗದ ವಸ್ತು ಇದೊಂದೇ. ನಮ್ಮಲ್ಲಿ ಪಾಯಸವಾಗುವ ಈ ಕಾಳು ಅಫೀಮಿನ ಗಿಡದ ಬೀಜ. ಯುಎಇಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಇಡಿಯಾದರೂ ಅಷ್ಟೇ, ಹುಡಿಯಾದರೂ ಅಷ್ಟೇ, ಸಿಕ್ಕಿದರೆ ಮಾದಕವಸ್ತುವಿನ ಕೇಸು. ಪಿಸ್ತೂಲಿಲ್ಲದ ಈ ಊರಿಗೆ ನಮ್ಮವರು ತಮಗೇ ಗೊತ್ತಿಲ್ಲದೆ ಹೊತ್ತುತರುವ ಅಪಾಯಕಾರಿ ಸಾಮಾನು ಅಮ್ಮ ಕಟ್ಟಿಕೊಟ್ಟ ಕುರ್ಮದ ಪುಡಿಯೊಳಗಿರುತ್ತದೆ. ಬನಿಯನ್ನಿನಲ್ಲಿ ಸುತ್ತಿ ಸೂಟ್‌ಕೇಸಿನ ನಟ್ಟನಡುವೆ ಇಟ್ಟಿರುತ್ತಾರೆ. ಕೇಳಿದರೆ, “ಒಂದೇ ಚಮಚ ಹಾಕಿದ್ದು ಮಾರಾಯ, ಪುಡಿಯೊಳಗೆ ಯಾರಿಗೆ ಗೊತ್ತಾಗ್ತದೆ?” ಎಂಬ ಉತ್ತರ ಬರುತ್ತದೆ. ಗೊತ್ತಾಗುತ್ತದೆ. ಟಿಕೆಟ್ ಮಾಡಿಸಿದ ದಿನವೇ ಊರಿಗೆ ಫೋನು ಹಚ್ಚಿ, ಈ ಸಲ ಪುಡಿಗೆ ಗಸಗಸೆ ಹಾಕುವುದು ಬೇಡಮ್ಮ ಎಂದು ಹೇಳಿಬಿಡಿ. ಕುರ್ಮ ಮಂದವಾಗಬೇಕಾದರೆ ಅಲ್ ಬರ್ಷಾದ ಲುಲು ಅಂಗಡಿಯಲ್ಲಿ ಗೋಡಂಬಿ ಸಿಗುತ್ತದೆ.